ಸಾಹುಕಾರರ ಪಿಕಪ್ಪಿನ ಎಡಗಡೆ ಬೋಲ್ಟು

ಸಾಹುಕಾರರು ನನ್ನ ಗ್ಯಾರೇಜಿಗೆ ಬಂದದ್ದು ಕುರ್ಚಿ ಸಮೇತ. ಪಿಕಪ್ಪಿನ ಹಿಂಭಾಗದಲ್ಲಿ, ಸೀರೆಯ ಗಂಟುಗಳಿರಬೇಕಾದ ಜಾಗದಲ್ಲಿ, ಅವರ ಮನೆಯ ಬೆತ್ತದ ಕುರ್ಚಿ ಇತ್ತು. ಡ್ರೈವರ್ ಅದನ್ನು ಇಳಿಸಿ ಬೇವಿನ ಗಿಡದ ನೆರಳಿಗೆ ಹಾಕಿ ಟವೆಲ್ಲಿನಿಂದ ಒರೆಸಿದ. ಸಾಹುಕಾರರು ಕುಳಿತರು, ಧೋತರ ಸರಿಪಡಿಸಿಕೊಂಡರು, ಆಮೇಲೆ ನನ್ನ ಕಡೆ ನೋಡಿದರು. ರಿಪೇರಿ ಮಾಡಿಸಲು ಬಂದವರು ಸಾಮಾನ್ಯವಾಗಿ ಕುರ್ಚಿ ತರುವುದಿಲ್ಲ.

“ಮಿಸ್ತ್ರಿ, ಹೋದ ವರ್ಷ ಈ ಗಾಡಿಗೆ ನೀ ಹಾಕಿದ ಬೋಲ್ಟ್ ಡುಪ್ಲಿಕೇಟ್ ಅದಾವು. ಇವತ್ತ ಎಲ್ಲಾರ ಮುಂದ ಬಿಚ್ಚು. ನಾ ಇಲ್ಲೇ ಕುಂತು ನೋಡ್ತೇನಿ.”

ಎಲ್ಲರೂ ಎಂದರೆ ಎದುರಿನ ಚಹಾದಂಗಡಿಯವನು ಮತ್ತು ಅವನ ಬೆಂಚಿನ ಮೇಲೆ ಬಾಡಿಗೆಗಾಗಿ ಕಾಯುತ್ತಿದ್ದ ಡ್ರೈವರುಗಳು. ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ರಸ್ತೆಯಲ್ಲಿ ನನ್ನ ಶೆಡ್ಡು. ಅಲ್ಲಿ ಬೆಳಿಗ್ಗೆ ನಡೆದದ್ದು ಮಧ್ಯಾಹ್ನದ ಬಸ್ಸಿಗೆ ಅಮೀನಗಡ ಮುಟ್ಟುತ್ತದೆ. ಸಾಹುಕಾರರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಅವರು ನೇಕಾರರ ಮನೆಗಳಿಗೆ ನೂಲು ಕೊಟ್ಟು ಕೈಮಗ್ಗದ ಸೀರೆ ನೇಯಿಸುವವರು. ಊರಿನ ಮಗ್ಗದವರ ಗಾಡಿಗಳೆಲ್ಲ ಅವರು ತೋರಿಸಿದ ಗ್ಯಾರೇಜಿಗೇ ಹೋಗುತ್ತಿದ್ದವು. ಅವರು ನನ್ನನ್ನು ಒಮ್ಮೆ ಡುಪ್ಲಿಕೇಟ್ ಸಾಮಾನು ಹಾಕುವವನು ಎಂದು ತೀರ್ಮಾನಿಸಿಬಿಟ್ಟರೆ ಶೆಡ್ಡಿಗೆ ಬೀಗ ಹಾಕುವುದೊಂದೇ ನನಗೆ ಉಳಿಯುವ ಕೆಲಸ. ಆ ಶಬ್ದದ ಮೇಲೆ ಅವರಿಗೆ ಮೊದಲೇ ಸಿಟ್ಟಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸತು. ಪವರ್‌ಲೂಮಿನಲ್ಲಿ ನೇಯ್ದ ನಕಲಿ ಇಳಕಲ್ ಸೀರೆಗಳು ಅಸಲಿಯ ಪಕ್ಕದಲ್ಲೇ ಅಂಗಡಿಯಲ್ಲಿ ಕುಳಿತಿದ್ದವು. ಅವರ ಎಷ್ಟೋ ಮಗ್ಗಗಳು ನಿಂತಿದ್ದವು. ಆ ನಕಲಿ ಮಾಡಿದವರು ಅವರ ಕೈಗೆ ಸಿಗುತ್ತಿರಲಿಲ್ಲ. ನಾನು ಸಿಕ್ಕಿದ್ದೆ.

ಗಾಡಿ ಎಡಕ್ಕೆ ವಾಲಿತ್ತು. ಬಲಗಡೆಯ ಗಾಲಿಗೂ ಮೇಲಿನ ಮಡ್‌ಗಾರ್ಡಿಗೂ ನಡುವೆ ಅಂಗೈ ಸಲೀಸಾಗಿ ಹೋಗುತ್ತಿತ್ತು. ಎಡಗಡೆ ಎರಡು ಬೆರಳು ಹೋದರೆ ದೊಡ್ಡದು. ಎಡ ಟೈರಿನ ಒಳ ಅಂಚು ಚಾಕುವಿನಿಂದ ಸವರಿದಂತೆ ಸವೆದಿತ್ತು.

ಈ ಗಾಡಿಯ ಮುಂಭಾಗಕ್ಕೆ ಲಾರಿಗಿರುವಂಥ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗು, ಇಲ್ಲ. ಅದರ ಬದಲು ಒಂದೊಂದು ಬದಿಗೆ ಒಂದು ಉದ್ದನೆಯ ಉಕ್ಕಿನ ಸಲಾಕೆ. ಅದರ ಮುಂದಿನ ತುದಿ ಗಾಲಿ ಹಿಡಿದ ತೋಳಿಗೆ ಸೇರಿದೆ. ಹಿಂದಿನ ತುದಿ ಕ್ಯಾಬಿನ್ನಿನ ಹಿಂದೆ ಚಾಸಿಯ ಅಡ್ಡಪಟ್ಟಿಯ ಕೆಳಗೆ ಒಂದು ಗಿಡ್ಡ ತೋಳಿನಲ್ಲಿ ಕುಳಿತಿದೆ. ಗಾಲಿ ಏರಿಳಿದಾಗ ಸಲಾಕೆ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಆ ಗಿಡ್ಡ ತೋಳನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಹಿಡಿದಿರುವುದು ಒಂದು ಬೋಲ್ಟು. ಅದರ ತಲೆ ಕೆಳಗೆ, ನಟ್ಟು ಮೇಲೆ ಅಡ್ಡಪಟ್ಟಿಯ ಒಂದು ಗೂಡಿನಲ್ಲಿ. ಬೋಲ್ಟು ಬಿಗಿ ಮಾಡಿದರೆ ಆ ಬದಿ ಮೇಲೇಳುತ್ತದೆ, ಸಡಿಲಿಸಿದರೆ ಕೂರುತ್ತದೆ. ಇಡೀ ಗಾಡಿಯ ಮುಂಭಾಗದ ಮಾನಮರ್ಯಾದೆ ಈ ಎರಡು ಬೋಲ್ಟುಗಳ ಮೇಲೆ ನಿಂತಿದೆ. ನನ್ನದೂ ಅಂದು ಅಲ್ಲೇ ನಿಂತಿತ್ತು.

ಜಾಕ್ ಕೊಟ್ಟು ಎತ್ತಿ, ಚಾಸಿಯ ಕೆಳಗೆ ಸ್ಟ್ಯಾಂಡ್ ಹಾಕಿ, ಮುಂದಿನ ಗಾಲಿಗಳನ್ನು ಗಾಳಿಯಲ್ಲಿ ಇಳಿಬಿಟ್ಟೆ. ಹಾಗೆ ಮಾಡಿದರೆ ಸಲಾಕೆಯ ಸಿಟ್ಟು ಬಹಳಷ್ಟು ಇಳಿಯುತ್ತದೆ. ಎಲ್ಲವೂ ಇಳಿಯುವುದಿಲ್ಲ. ಉಳಿದ ಸಿಟ್ಟಿಗೆ ಬೋಲ್ಟು ಹಠಾತ್ತನೆ ಬಿಟ್ಟರೆ ಆ ಗಿಡ್ಡ ತೋಳು ಬೀಸಿ ಹೊಡೆದು ಕೈಯ ಎಲುಬು ಮುರಿಯುತ್ತದೆ. ಆದ್ದರಿಂದ ತೋಳಿನ ಕೆಳಗೆ ಇನ್ನೊಂದು ಸಣ್ಣ ಜಾಕ್ ಆನಿಸಿದೆ. ಸಲಾಕೆಗೂ ತೋಳಿಗೂ ಸೇರಿಸಿ ಬಿಳಿ ಬಣ್ಣದ ಗೆರೆ ಎಳೆದೆ. ಮತ್ತೆ ಜೋಡಿಸುವಾಗ ಒಂದು ಹಲ್ಲು ಹಿಂದೆ ಮುಂದೆ ಆದರೂ ಎತ್ತರ ಕೆಡುತ್ತದೆ. ಬೋಲ್ಟಿನ ಹಲ್ಲು ಎಷ್ಟು ಹೊರಗಿದೆ ಎಂದು ಸ್ಕೇಲಿನಿಂದ ಅಳೆದೆ.

“ಪೂಜಾ ಮುಗೀತೇನು?” ಕುರ್ಚಿಯಿಂದ ಪ್ರಶ್ನೆ.

“ಸಂಕಲ್ಪ ನಡದೈತ್ರಿ,” ಎಂದೆ.

ಬೆಂಚಿನ ಮೇಲೆ ಯಾರೋ ನಕ್ಕರು. ಸಾಹುಕಾರರು ಆ ಕಡೆ ತಿರುಗಿದ ಮೇಲೆ ನಗಲಿಲ್ಲ.

ಬಲಗಡೆ ಬೋಲ್ಟು ಸೀಮೆಎಣ್ಣೆ ಕುಡಿದು, ರಿಂಗ್ ಸ್ಪ್ಯಾನರಿಗೆ ಮಣಿದು, ಸಭ್ಯವಾಗಿ ಹೊರಬಂತು. ಹಲ್ಲು ಸ್ವಲ್ಪ ಸವೆದಿತ್ತು. ತಲೆಯ ಮೇಲೆ ಉಕ್ಕಿನ ಗಟ್ಟಿತನ ತಿಳಿಸುವ ಅಂಕಿ ಸ್ಪಷ್ಟವಾಗಿತ್ತು. ಅದನ್ನು ಒರೆಸಿ ಸಾಹುಕಾರರ ಕೈಗೆ ಕೊಟ್ಟೆ.

ಅವರು ನೋಡಿದರು. “ಇದು ಅಸಲಿ ಐತಿ,” ಎಂದರು. ನನ್ನ ಎದೆ ಹಗುರಾಗುವಷ್ಟರಲ್ಲಿ ಮುಂದುವರಿಸಿದರು: “ಒಂದು ಅಸಲಿ, ಒಂದು ನಕಲಿ. ಅದ ಮತ್ತ ನಿನ್ನ ಶ್ಯಾಣ್ಯಾತನ. ಎಡದ್ದು ತೆಗಿ.”

ಎಡದ್ದು ತೆಗೆಯುವುದು ಬಾಯಲ್ಲಿ ಹೇಳಿದಷ್ಟು ಸುಲಭವಿರಲಿಲ್ಲ. ಅದರ ತಲೆಯನ್ನು ತುಕ್ಕು ತಿಂದು ಅಂಕಿ ಹೋಗಲಿ, ಆರು ಮೂಲೆಗಳೂ ಉಳಿದಿರಲಿಲ್ಲ. ಸ್ಪ್ಯಾನರ್ ಜಾರಿತು. ಪೈಪ್ ರೆಂಚ್ ಹಾಕಿದೆ. ಸೀಮೆಎಣ್ಣೆ ಬಿಟ್ಟು ಕಾದೆ, ಸುತ್ತಿಗೆಯಿಂದ ಬಡಿದೆ, ಮತ್ತೆ ಬಿಟ್ಟೆ. ಅದು ಅಲುಗಲಿಲ್ಲ.

ಸಾಹುಕಾರರ ಡ್ರೈವರ್ ನನ್ನ ತಲೆಯ ಬಳಿ ಕುಕ್ಕರಗಾಲಿನಲ್ಲಿ ಕೂತು ಸಲಹೆ ಕೊಡುತ್ತಿದ್ದ. “ಗ್ಯಾಸ್ ಹಚ್ಚಿ ಕಾಸ್ರಿ ಮಿಸ್ತ್ರಿ. ಹಿಂಗ ಮುದ್ದು ಮಾಡಿದ್ರ ಬರ್ತೈತೇನು?”

“ಬೆಂಕಿ ತಾಗಿದ್ರ ಸಲಾಕಿ ಹದ ಹೋಗ್ತೈತಿ. ನಾಳೆ ಬಾದಾಮಿ ಹಾದ್ಯಾಗ ಮುರಿದ್ರ ನೀನ ಹೆಗಲು ಕೊಡ್ತಿಯೇನು?”

“ಕೆಲಸ ಬರದವ್ರು ಹದದ ಮಾತು ಹೇಳ್ತಾರ,” ಎಂದು ಅವನು ಬೆಂಚಿನವರಿಗೆ ಕೇಳಿಸುವಂತೆ ಅಂದ. ಡುಪ್ಲಿಕೇಟ್ ಮಾತನ್ನು ಊರಲ್ಲಿ ಮೊದಲು ಹಬ್ಬಿಸಿದವನೂ ಇವನೇ ಎಂದು ಚಹಾದವನು ನನಗೆ ಮೊದಲೇ ಹೇಳಿದ್ದ. ಹಾಗಾಗಿ ಅವನ ಮೇಲೆ ನನಗೂ ಅಂಥ ಅಂತಃಕರಣವೇನೂ ಇರಲಿಲ್ಲ.

ರೆಂಚಿಗೆ ಪೈಪು ಸಿಕ್ಕಿಸಿ ಮೈಭಾರ ಬಿಟ್ಟೆ. ಬೋಲ್ಟು ಚೂರು ತಿರುಗಿತು. ಆಮೇಲೆ ಕಡಲೆ ಸಿಡಿದ ಹಾಗೆ ಒಂದು ಸಪ್ಪಳ. ಗಿಡ್ಡ ತೋಳು ಧಡ್ಡೆಂದು ಸಣ್ಣ ಜಾಕಿನ ಮೇಲೆ ಕೂತಿತು. ಬೋಲ್ಟು ನಡುವೆ ಮುರಿದು ತಲೆಯ ಭಾಗ ನನ್ನ ಎದೆಯ ಮೇಲೆ ಬಿತ್ತು. ಅದನ್ನು ನಾನು ಹಿಡಿಯುವ ಮೊದಲೇ ಡ್ರೈವರ್ ಎತ್ತಿಕೊಂಡು ಕುರ್ಚಿಯ ಕಡೆ ಓಡಿದ.

ಸಾಹುಕಾರರು ಎದ್ದು ನಿಂತರು. ತುಂಡನ್ನು ಎರಡು ಬೆರಳಲ್ಲಿ ಹಿಡಿದು, ಸೀರೆಯ ಸೆರಗು ತೋರಿಸುವ ಹಾಗೆ, ಬೆಂಚಿನ ಈ ತುದಿಯಿಂದ ಆ ತುದಿಯವರೆಗೂ ತೋರಿಸಿದರು.

“ನೋಡ್ರಿ. ಮಣ್ಣಿನ ಗಡಿಗಿ ಮುರದಂಗ ಮುರದೈತಿ. ಇದು ನಮ್ಮ ಮಿಸ್ತ್ರಿಯ ಅಸಲಿ ಮಾಲು!”

ನಾನು ಗಾಡಿಯ ಕೆಳಗೇ ಮಲಗಿದ್ದೆ. ಹೊರಗೆ ಬಂದು ವಾದಿಸಲು ಕೈಯಲ್ಲಿ ಏನೂ ಇರಲಿಲ್ಲ. ಅಂಕಿ ಇದ್ದ ತಲೆಯೇ ತುಕ್ಕಿನ ಪಾಲಾಗಿತ್ತು. ಒಳ್ಳೆಯ ಉಕ್ಕು ಒಂದೇ ವರ್ಷದಲ್ಲಿ, ಅದೂ ಒಂದೇ ಬದಿಗೆ, ಹೀಗೆ ಯಾಕೆ ಕೊಳೆಯಿತು ಎಂಬುದು ನನಗೂ ತಿಳಿದಿರಲಿಲ್ಲ. ಬೆಂಚಿನಿಂದ ಇಬ್ಬರು ಡ್ರೈವರುಗಳು ಬಂದು ತಮ್ಮ ಗಾಡಿಗಳ ಕೆಳಗೆ ಬಗ್ಗಿ ನೋಡತೊಡಗಿದರು. ಆ ಗಾಡಿಗಳಿಗೂ ಬೋಲ್ಟು ಹಾಕಿದವನು ನಾನೇ.

“ಹೊಸಾ ಬೋಲ್ಟ್ ನಾನ ತರ್ತೇನಿ,” ಎಂದು ಸಾಹುಕಾರರು ಘೋಷಿಸಿದರು. “ಬಾಗಲಕೋಟಿಗೆ ಹೋಗಿ, ನನ್ನ ಕಣ್ಣಿಲೆ ನೋಡಿ ತರ್ತೇನಿ. ಮಾಲು ಆರ್ಸೋದು ಯಾರಿಂದಾನೂ ಕಲೀಬೇಕಾಗಿಲ್ಲ ನಾನು.” ಡ್ರೈವರನನ್ನು ಗಾಡಿಯ ಕಾವಲಿಗೆ ಬಿಟ್ಟು ಬಸ್ಸು ಹತ್ತಿದರು. ಕುರ್ಚಿ ಮಾತ್ರ ಗಿಡದ ಕೆಳಗೆ ಹಾಗೇ ಇತ್ತು. ಅದರಲ್ಲಿ ಯಾರೂ ಕೂರಲಿಲ್ಲ.

ಉಳಿದ ತುಂಡು ನಟ್ಟಿನ ಸಮೇತ ಮೇಲಿನ ಗೂಡಿನಲ್ಲೇ ಕಚ್ಚಿಕೊಂಡಿತ್ತು. ಗ್ಯಾಸ್ ಹಚ್ಚಿದ್ದರೆ ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ಗ್ಯಾಸ್ ವೆಲ್ಡಿಂಗಿನ ಅಂಗಡಿ ಪಕ್ಕದಲ್ಲೇ ಇತ್ತು, ಅದರವನೂ ಬಂದು ನಿಂತಿದ್ದ. ನನಗೂ ಒಂದು ಗಳಿಗೆ ಮನಸ್ಸಾಯಿತು: ಹೆಸರು ಹೇಗೂ ಹೋಗಿದೆ, ಹದವೂ ಹೋಗಲಿ. ಆದರೆ ಸಲಾಕೆ ಮುರಿಯುವುದು ಸಾಹುಕಾರರ ಮೇಲಲ್ಲ, ರಸ್ತೆಯಲ್ಲಿ ಎದುರಿಗೆ ಬರುವವರ ಮೇಲೆ. ವೆಲ್ಡಿಂಗಿನವನನ್ನು ವಾಪಸ್ ಕಳಿಸಿ, ನಟ್ಟನ್ನು ಮೇಲಿನಿಂದ ಚಾಣದಲ್ಲಿ ಸೀಳಲು ತೀರ್ಮಾನಿಸಿದೆ.

ಅದಕ್ಕೆ ಗೂಡು ಕಾಣಬೇಕು. ಕ್ಯಾಬಿನ್ನಿಗೂ ಸಾಮಾನು ತುಂಬುವ ಟ್ರಾಲಿಗೂ ನಡುವೆ ಒಂದು ಕೈ ಹೋಗುವಷ್ಟು ಸಂದಿ. ಅಲ್ಲಿ ಬಗ್ಗಿ ಬ್ಯಾಟರಿ ಬಿಟ್ಟು ನೋಡಿದರೆ ಗೂಡೇ ಇಲ್ಲ. ಕಪ್ಪು ಗಾರೆ ಮೆತ್ತಿದಂತೆ ಮುಚ್ಚಿಹೋಗಿತ್ತು. ಕೆಸರು ಎಂದುಕೊಂಡು ಸ್ಕ್ರೂ ಡ್ರೈವರಿನಿಂದ ಕೆರೆದೆ. ಪದರು ಪದರಾಗಿ ಎದ್ದಿತು. ಒಳಗೆ ಬಿಳಿಯ ಉಪ್ಪಿನಂಥ ಪುಡಿ, ಅದರೊಳಗೆ ಕರಿ ಗುಂಡುಗಳು. ಒಂದನ್ನು ಬೆರಳಲ್ಲಿ ಒಡೆದೆ. ಮೂಗಿನ ಹತ್ತಿರ ಒಯ್ಯುವ ಅಗತ್ಯ ಬೀಳಲಿಲ್ಲ, ವಾಸನೆ ತಾನೇ ಬಂತು.

ಕುರಿ ಹಿಕ್ಕಿ.

ಕುರಿಯ ಉಚ್ಚೆ ಟ್ರಾಲಿಯ ಮುಂದಿನ ಸಂದಿಯಿಂದ ಇಳಿದು ನೇರ ಎಡಗಡೆಯ ಗೂಡಿಗೆ ಬೀಳುತ್ತಿತ್ತು. ಬೋಲ್ಟು ಕೊಳೆತು ಹಲ್ಲು ಜಾರಿ ಗಾಡಿ ಎಡಕ್ಕೆ ವಾಲಿತು. ವಾಲಿದ್ದರಿಂದ ಇಡೀ ಟ್ರಾಲಿಯ ಉಚ್ಚೆ ಎಡಕ್ಕೇ ಹರಿಯತೊಡಗಿತು. ಹರಿದಷ್ಟೂ ಬೋಲ್ಟು ಕೊಳೆಯಿತು. ಇಷ್ಟು ವ್ಯವಸ್ಥಿತವಾಗಿ ನಡೆದ ಕೆಲಸವನ್ನು ನಾನು ನಮ್ಮ ತಾಲೂಕಿನಲ್ಲಿ ಬೇರೆಲ್ಲೂ ಕಂಡಿಲ್ಲ.

ಆದರೆ ಇದು ಮದುವೆಯ ಸೀರೆ ಹೊರುವ ಗಾಡಿ. “ನಮ್ಮ ಗಾಡಿಗೆ ಒಂದು ಕೋಳಿಪುಚ್ಚ ಸೈತ ಹತ್ತಿಲ್ಲ” ಎಂದು ಸಾಹುಕಾರರು ವ್ಯಾಪಾರಿಗಳ ಮುಂದೆ ಹೇಳುವುದನ್ನು ನಾನೇ ಕೇಳಿದ್ದೆ. ಗಂಟಿಗೆ ವಾಸನೆ ಹತ್ತಿದೆ ಎಂಬ ಸಂಶಯ ಬಂದರೂ ಸೀರೆ ವಾಪಸ್ ಬರುತ್ತದೆ.

ಅಂಗೈಯಲ್ಲಿ ಹಿಕ್ಕಿ ಹಿಡಿದು ಡ್ರೈವರನನ್ನು ಕರೆದೆ. “ಬಾ ಲೇ, ನನ್ನ ಡುಪ್ಲಿಕೇಟ್ ಮಾಲು ಸಿಕ್ತು ನೋಡು.”

ಅವನ ಮುಖ ಇಳಿಯಿತು. ರಸ್ತೆಯ ಕಡೆ ಒಮ್ಮೆ ನೋಡಿ ನನ್ನ ಜೊತೆ ಗಾಡಿಯ ಕೆಳಗೆ ನುಸುಳಿದ.

“ಬಾಯಿ ಬಿಡಬ್ಯಾಡ್ರಿ ಮಿಸ್ತ್ರಿ.”

“ಸಾವಕಾರ್ರ ಕಣ್ಣು ತಪ್ಪಿಸಿ ಅಮೀನಗಡದ ಸಂತಿಗೆ ಕುರಿ ಹೊಡೀತಿ. ಮ್ಯಾಲ ನನಗ ಕಳ್ಳ ಅಂತಿ.”

“ಕಣ್ಣು ತಪ್ಸಿ?” ಅವನಿಗೆ ಹೆದರಿಕೆಗಿಂತ ಸಿಟ್ಟು ಹೆಚ್ಚಾಯಿತು. “ಅವ್ರ ಕಳಸ್ತಾರ! ಮಗ್ಗ ನಿಂತಾವ, ಗಾಡಿ ಯಾಕ ನಿಲ್ಲಬೇಕು ಅಂತಾರ. ನಮ್ಮ ಕಾಕಾಗೋಳ ಕುರೀನ ತುಂಬ್ತೇನಿ. ಮುಂಜಾನೆ ತಾಡಪತ್ರಿ ಮುಚ್ಚಿ ಹೋಗು, ಬರುವಾಗ ಹಳ್ಳದಾಗ ತೊಳಕೊಂಡು ಬಾ ಅಂತಾರ. ಗಾಡಿ ಯಾಕ ವಾಲೈತಿ ಅಂತ ಕೇಳಿದವ್ರಿಗೆ ಡುಪ್ಲಿಕೇಟ್ ಬೋಲ್ಟ್ ಅಂತ ಹೇಳು ಅಂದವ್ರೂ ಅವ್ರ. ನಾ ಯಾಕ ಹೇಳ್ಲಿ ಸುಮ್ನ? ನೀವೇನು ನನ್ನ ದಾಯಾದಿ ಏನ್ರಿ?”

ಮೇಲೆ ತೊಳೆದಿದ್ದಾನೆ, ಸಂದಿಯೊಳಗೆ ತೊಳೆದಿಲ್ಲ. ಎಂಥ ಸೂಕ್ಷ್ಮ ಕೆಲಸಕ್ಕೆ ಎಂಥವನನ್ನು ನೇಮಿಸಿದ್ದರು ಎಂದು ನನಗೆ ಸಾಹುಕಾರರ ಮೇಲೆ ಆ ಹೊತ್ತಿನಲ್ಲೂ ಚೂರು ಮರುಕ ಬಂತು. ಹೆಚ್ಚು ಹೊತ್ತು ನಿಲ್ಲಲಿಲ್ಲ.

ಚಾಣ ಹಿಡಿದು ನಟ್ಟು ಸೀಳಿದೆ. ಎರಡು ಹೋಳಾಗಿ ಹೊರಬಂತು. ಒಳಗಿದ್ದ ತುಂಡು ಬೋಲ್ಟಿನ ಮೇಲೆ ಅರ ಹಾಕಿದೆ. ಅರ ಕಚ್ಚಲಿಲ್ಲ, ಗಾಜಿನ ಮೇಲೆ ಜಾರಿದಂತೆ ಜಾರಿತು. ಗಟ್ಟಿ ಉಕ್ಕು. ಹಿಕ್ಕಿಯನ್ನು ಹಳೇ ಡಬ್ಬಿಯೊಂದಕ್ಕೆ ಹಾಕಿ ಮುಚ್ಚಿಟ್ಟೆ.

ಸಾಹುಕಾರರು ಸಂಜೆ ಬಸ್ಸಿಳಿದು ಕಾಗದದ ಪೊಟ್ಟಣ ಬಿಚ್ಚಿದರು. ಎರಡು ಬೋಲ್ಟುಗಳು ಜರಿಯಂತೆ ಮಿಂಚುತ್ತಿದ್ದವು. “ಇದು ಮಾಲು!” ಎಂದರು. ನಾನು ಒಂದರ ಮೇಲೆ ಅರ ಹಾಕಿದೆ. ಬೆಣ್ಣೆಗೆ ಹಾಕಿದಂತೆ ಇಳಿಯಿತು. ಮುರಿದ ಬೋಲ್ಟಿನ ಮೇಲೆ ಅದೇ ಅರ ಹಾಕಿದೆ. ಜಾರಿತು.

“ಬಾಗಲಕ್ಕ ಹಾಕೋ ಮೆತ್ತನ ಬೋಲ್ಟ್ ತಂದೀರಿ ಸಾವಕಾರ್ರ,” ಎಂದೆ. “ಮಿಂಚು ನೋಡಿ ಆರ್ಸೀರಿ. ಈಗ ಶೆಡ್ಡಿನ ಹಿಂದ ಬರ್ರಿ, ಇನ್ನೊಂದು ಮಾಲು ತೋರಸ್ತೇನಿ.”

ಹಿಂದೆ ಸುಟ್ಟ ಆಯಿಲಿನ ಡ್ರಮ್ಮಿನ ಬಳಿ ಡಬ್ಬಿ ತೆರೆದೆ. ಅವರು ಬಗ್ಗಿ ನೋಡಿದರು. ಮುಖದ ಮೇಲೆ ಏನೂ ಕಾಣಲಿಲ್ಲ. ದೊಡ್ಡ ವ್ಯಾಪಾರಿ.

“ಅಂವಾ ಹೇಳಿದನೇನು?”

“ಯಾರೂ ಹೇಳಿಲ್ರಿ. ಹಿಕ್ಕೀನ ಹೇಳ್ತು.”

ಅವರು ಡಬ್ಬಿಯ ಮುಚ್ಚಳವನ್ನು ತಾವೇ ಹಾಕಿದರು. ಆಮೇಲೆ ತಗ್ಗಿದ ದನಿಯಲ್ಲಿ, ದರ ಕುದುರಿಸುವವರಂತೆ ಹೇಳಿದರು: “ಹೆಂಗೂ ನಿನ್ನ ಹೆಸರು ಕೆಟ್ಟೈತಿ. ಕೆಟ್ಟದ್ದು ಕೆಟ್ಟಂಗ ಇರ್ಲಿ ಬಿಡು. ಮತ್ತೊಂದು ಹೆಸರು ಯಾಕ ಕೆಡಸ್ತಿ?”

ಇಷ್ಟು ವರ್ಷದಲ್ಲಿ ನನಗೆ ಯಾರೂ ಇಷ್ಟು ಶಾಂತವಾಗಿ ಬೈದಿಲ್ಲ.

“ಸಾವಕಾರ್ರ, ಗಾಡಿ ಸ್ಟ್ಯಾಂಡಿನ ಮ್ಯಾಲ ಐತಿ. ಬೋಲ್ಟ್ ಅಸಲಿ ಇದ್ದೂ ಅಂತ ನೀವು ಆ ಕುರ್ಚಿ ಮುಂದ ನಿಂತು ಹೇಳೂತನ ಅದು ಇಳಿಯಂಗಿಲ್ಲ. ಕುರಿ ಮಾತು ನನಗ ಬೇಕಾಗಿಲ್ಲ. ನೀವು ಹೇಳದಿದ್ರ ಡಬ್ಬಿ ಚಹಾದಂಗಡಿಗೆ ಹೋಗ್ತೈತಿ.”

“ಪೊಲೀಸರನ್ನ ಕರೀತೇನಿ.”

“ಕರೀರಿ. ಅವ್ರಿಗೂ ವಾಸನಿ ತಿಳೀತೈತಿ.”

“ಅಸಲಿ ಬೋಲ್ಟ್ ಹೆಂಗ ಕೊಳೀತು ಅಂತ ಕೇಳ್ತಾರಲ್ಲೋ!”

“ಅದು ನಿಮಗ ಬಿಟ್ಟದ್ದು. ಬುದ್ಧಿವಂತರು ನೀವು.”

ಅವರು ಗಾಡಿಯ ಕಡೆ ದೀರ್ಘವಾಗಿ ನೋಡಿದರು. ಮುಂಭಾಗದ ಗಾಜಿಗೆ ಹೋದ ಅಮಾವಾಸ್ಯೆಯ ಪೂಜೆಯ ವಿಭೂತಿ ಇನ್ನೂ ಇತ್ತು. ಡ್ರೈವರನನ್ನು ಕೂಗಿದರು.

“ಲೇ, ಅಮಾಸಿಗೆ ಕಾಯಿ ಎಲ್ಲಿ ಒಡೀತಿ?”

“ಗಾಲಿ ಮುಂದ್ರಿ.”

“ಅಲ್ಲ. ಟ್ರಾಲಿ ಮುಂದಿನ ಪಟ್ಟಿಗೆ ಒಡೀತಿ. ನೀರೆಲ್ಲಾ ಎಡಗಡಿ ಸಂದ್ಯಾಗ ಇಳೀತೈತಿ.”

ಡ್ರೈವರ್ ನನ್ನ ಮುಖ ನೋಡಿದ, ಅವರ ಮುಖ ನೋಡಿದ. “ಹೌದ್ರಿ,” ಎಂದ. “ಭಾಳ ನೀರಿನ ಕಾಯಿ ಇರ್ತಾವ್ರಿ.”

ಸಾಹುಕಾರರು ಹೋಗಿ ಕುರ್ಚಿಯ ಮುಂದೆ ನಿಂತರು. ಬೆಂಚು ಎದ್ದು ನಿಂತಿತು. ಮಿಸ್ತ್ರಿ ಹಾಕಿದ ಬೋಲ್ಟ್ ಅಸಲಿ ಇದ್ದವು, ತಾವು ಸ್ವತಃ ಅರ ಹಾಕಿಸಿ ಪರೀಕ್ಷೆ ಮಾಡಿದ್ದಾಗಿದೆ, ದೋಷ ಉಕ್ಕಿನದಲ್ಲ, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಬಿದ್ದ ಕಾಯಿನೀರು ಅದನ್ನು ತಿಂದಿದೆ ಎಂದು ತಿಳಿಸಿದರು. “ನಮ್ಮ ಭಕ್ತಿ ಸ್ವಲ್ಪ ಹೆಚ್ಚಾತು,” ಎಂದು ಮುಗಿಸಿದರು. ಸೋತ ಮನುಷ್ಯ ಇಷ್ಟು ಪುಣ್ಯ ಗಳಿಸಿಕೊಂಡು ಮನೆಗೆ ಹೋದದ್ದನ್ನು ನಾನು ನೋಡಿಲ್ಲ.

“ಕಾಯಿನೀರಿಗೆ ಅಷ್ಟು ಕಸುವು ಐತೇನ್ರಿ ಮಿಸ್ತ್ರಿ?” ಎಂದು ಚಹಾದವನು ಕೇಳಿದ.

“ದೇವರಿಗೆ ಸಲ್ಲಿಸಿದ್ದಲ್ಲೇನೋ,” ಎಂದೆ.

ಮರುದಿನ ನಾನೇ ಬಾಗಲಕೋಟೆಗೆ ಹೋಗಿ, ಮಿಂಚಿಲ್ಲದ, ಅಂಕಿ ಇರುವ ಬೋಲ್ಟುಗಳನ್ನು ನಟ್ಟಿನ ಜೊತೆ ತಂದೆ. ಗೂಡು ತೊಳೆದು ಒಣಗಿಸಿ ಗ್ರೀಸು ತುಂಬಿದೆ. ಬಿಳಿ ಗೆರೆಗೆ ಗೆರೆ ಕೂಡಿಸಿ ತೋಳನ್ನು ಸಣ್ಣ ಜಾಕಿನಿಂದ ಎತ್ತಿ ಬೋಲ್ಟು ಹಿಡಿಸಿದೆ. ಗಾಡಿ ಇಳಿಸಿ, ಹಿಂದೆ ಮುಂದೆ ಓಡಿಸಿ, ಬಾನೆಟ್ಟು ಒತ್ತಿ ಕುಣಿಸಿ, ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎರಡೂ ಬದಿ ಅಳೆದೆ. ಎಡ ಇನ್ನೂ ಸ್ವಲ್ಪ ಕೆಳಗಿತ್ತು. ಎಡ ಬೋಲ್ಟನ್ನಷ್ಟೇ ಬಿಗಿ ಮಾಡತೊಡಗಿದೆ.

ಸಾಹುಕಾರರು ಅಂದೂ ಬಂದು ಕುರ್ಚಿಯಲ್ಲಿ ಕೂತಿದ್ದರು. “ಎರಡೂ ಕಡಿ ಸಮ ಸುತ್ತು ಹಾಕಬೇಕು. ಮಗ್ಗಕ್ಕ ಹಾಸು ಬಿಗಿಯೋ ಮುಂದ ಒಂದು ಅಂಚು ಹೆಚ್ಚು ಬಿಗಿದ್ರ ಸೀರಿ ಸೊಟ್ಟ ಬರ್ತೈತಿ.”

“ಇದು ಸೀರಿ ಅಲ್ರಿ. ಎಡಗಡಿ ಸಲಾಕಿ ದಣದೈತಿ, ಅದಕ್ಕ ಹೆಚ್ಚು ಬೇಕು.”

“ನಿನಗ ಎಲ್ಲಾದಕ್ಕೂ ಒಂದು ಉತ್ತರ ಐತಿ.”

“ನಿಮ್ಮಿಂದ ಕಲ್ತದ್ರಿ.”

ಅಳತೆ ಕೂಡಿತು. ಹಳೇ ಟ್ಯೂಬಿನ ತುಂಡು ಕತ್ತರಿಸಿ ಎರಡೂ ಗೂಡುಗಳ ಮೇಲೆ ಪರದೆಯಂತೆ ಬಿಗಿದೆ. “ಅದೇನದು?” ಎಂದು ಸಾಹುಕಾರರು ಕೇಳಿದರು. “ಕಾಯಿನೀರು ಬೀಳಬಾರದಂತ್ರಿ!” ಎಂದು ರಸ್ತೆಗೆ ಕೇಳುವಂತೆ ಹೇಳಿದೆ. ಅವರು ಹಣ ಕೊಟ್ಟು, ಕುರ್ಚಿ ಹೇರಿಸಿ ಹೊರಟರು. ಅವರ ಗಾಡಿ ಮತ್ತೆ ನನ್ನ ಶೆಡ್ಡಿಗೆ ಬರಲಿಲ್ಲ. ಎದುರು ಸಿಕ್ಕರೆ ಇಬ್ಬರೂ ಬೇರೆ ಕಡೆ ನೋಡುತ್ತೇವೆ.

ಆದರೆ ಅವರ ಮಾತಿನ ಬಲ ಸಣ್ಣದಲ್ಲ. ಮುಂದಿನ ಅಮಾವಾಸ್ಯೆಯೊಳಗೆ ಮಗ್ಗದವರ, ಅಂಗಡಿಕಾರರ, ಕರದಂಟು ಹೊರುವವರ ಪಿಕಪ್ಪುಗಳು ಸಾಲಾಗಿ ಬಂದವು. “ನಮ್ಮ ಗಾಡಿಗೂ ಒಂದು ಪರದಿ ಹಾಕ್ರಿ ಮಿಸ್ತ್ರಿ, ನಮ್ಮಲ್ಲೂ ಭಾಳ ಕಾಯಿ ಒಡೀತೀವಿ” ಎಂದು ಒಬ್ಬೊಬ್ಬರೂ ಭಕ್ತಿಯಿಂದ ಕೇಳಿದರು. ಮೊದಲ ಗಾಡಿಯ ಸಂದಿಗೆ ಕೈ ಹಾಕಿ ಗೂಡು ಕೆರೆದೆ. ಕಪ್ಪು ಪದರು ಎದ್ದಿತು, ಒಳಗೆ ಬಿಳಿ ಪುಡಿ, ಕರಿ ಗುಂಡು. ಗಾಡಿಯ ಯಜಮಾನರು ಆಕಾಶ ನೋಡುತ್ತಾ ನಿಂತಿದ್ದರು. ಚಹಾದವನು ಚಹಾದ ಕಪ್-ಬಸಿ ಹಿಡಿದು ಬಂದು ನನ್ನ ಅಂಗೈಯೊಳಗೆ ಇಣುಕಿದ.

“ಏನ್ರಿ ಅದು?”

“ಕೊಬ್ಬರಿ,” ಎಂದು ಮುಷ್ಟಿ ಮುಚ್ಚಿದೆ.